ಗೇಮಿಂಗ್ ಕಂಪ್ಯೂಟರ್ ಕಟ್ಟಿಸುವ ಮುನ್ನ

ಇಂದಿರಾನಗರದಲ್ಲಿರಲಿ, ಕೆ.ಆರ್. ಪುರದಲ್ಲಿರಲಿ, ಗೇಮಿಂಗ್ ಕಂಪ್ಯೂಟರ್ ಕಟ್ಟಿಸುವ ಆಸೆಯಿದ್ದರೆ ಒಮ್ಮೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆ ಸುತ್ತಿ ಬನ್ನಿ. ನೇರಳೆ ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ನಡೆದೇ ಹೋಗಬಹುದು. ನಾಲ್ಕಾರು ಅಂಗಡಿಗಳಲ್ಲಿ ದರ ವಿಚಾರಿಸಿ. ಜಿಎಸ್‌ಟಿ ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ, ನಾಳೆ ವಾರಂಟಿ ಕೇಳುವಾಗ ಅದೇ ಆಧಾರ.

ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿದು ಪವರ್ ಸಪ್ಲೈನಲ್ಲಿ ಉಳಿತಾಯ ಮಾಡುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಮಳೆ ಬಂದರೆ ಕರೆಂಟ್ ಹೋಗಿ ಬರುವ ನಮ್ಮ ಬಡಾವಣೆಗಳಲ್ಲಿ ಉಳಿದೆಲ್ಲ ಭಾಗಗಳ ಆಯುಷ್ಯ ಅದರ ಕೈಯಲ್ಲಿದೆ. ಇನ್ನೊಂದು ಮಾತು, ಇದನ್ನು ಅಂಗಡಿಯವರೂ ಎಷ್ಟೋ ಸಲ ಹೇಳುವುದಿಲ್ಲ: ಹಳೆಯ ಮಾಡ್ಯುಲರ್ ಪವರ್ ಸಪ್ಲೈನ ಕೇಬಲ್ಲನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಕನೆಕ್ಟರ್ ಸರಿಯಾಗಿ ಕೂತರೂ ಪಿನ್‌ಗಳ ಜೋಡಣೆ ಬೇರೆಯಿರಬಹುದು, ಎಸ್‌ಎಸ್‌ಡಿ ಸುಟ್ಟೀತು.

ಕೇಬಲ್‌ಗಳನ್ನು ಮದರ್‌ಬೋರ್ಡಿನ ಹಿಂಬದಿಗೆ ಎಳೆದು ವೆಲ್ಕ್ರೋ ಪಟ್ಟಿಯಿಂದ ಕಟ್ಟಿ. ಇದರಿಂದ ಶಾಖ ಇಳಿಯುವುದು ಅಲ್ಪವೇ. ಧೂಳು ತೆಗೆಯುವುದು ಮಾತ್ರ ಬಹಳ ಸುಲಭ. ಮೆಟ್ರೊ ಕಾಮಗಾರಿ ನಡೆಯುವ ರಸ್ತೆಯ ಪಕ್ಕದ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ.

ಪಿಜಿಯಲ್ಲಿದ್ದು ಆಗಾಗ ರೂಮು ಬದಲಿಸುವವರಿಗೆ ಲ್ಯಾಪ್‌ಟಾಪೇ ವಾಸಿ. ಆದರೆ ಕಾರ್ಡಿನ ಹೆಸರಷ್ಟೇ ನೋಡಿ ಮರುಳಾಗಬೇಡಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಒಂದೇ ಹೆಸರಿನಲ್ಲಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೂ ಬರುತ್ತದೆ, ವೇಗದಲ್ಲಿ ಅಪಾರ ಅಂತರ. ಆ ಅಂಕಿಯನ್ನು ಕೇಳಿ ತಿಳಿದುಕೊಂಡು, ರ‍್ಯಾಮ್ ಹೆಚ್ಚಿಸಲು ಸ್ಲಾಟ್ ಇದೆಯೇ ಎಂದೂ ನೋಡಿ, ಆಮೇಲೆ ಹಣ ಕೊಡಿ.