ಚಟ ಹತ್ತುವುದು ಮತ್ತು ಕುಡುಕನಾಗುವುದು: ಆರೋಗ್ಯ ಬರಹದ ಕನ್ನಡವನ್ನು ಕುರಿತು

ಉಣಕಲ್ ಪರಿಸರದ ಆಡುಮಾತಿನಲ್ಲಿ ಒಬ್ಬನ ಕುಡಿತವನ್ನು ಎರಡು ಬಗೆಯಾಗಿ ಹೇಳುವುದುಂಟು. 'ಅಂವ ಕುಡುಕ' ಎಂಬುದು ಒಂದು. 'ಅವಗ ಕುಡಿಯೂ ಚಟಾ ಹತ್ತೇತಿ' ಎಂಬುದು ಇನ್ನೊಂದು. ಧಾರವಾಡ ಸೀಮೆಗೆಲ್ಲ ಸಾಮಾನ್ಯವಾದ ಈ ಎರಡು ವಾಕ್ಯಗಳ ನಡುವಣ ಅಂತರ ಕೇವಲ ಶೈಲಿಯದಲ್ಲ. ವ್ಯಸನವನ್ನು ಕುರಿತ ವೈದ್ಯಕೀಯ ತಿಳಿವಳಿಕೆಯನ್ನು ಕನ್ನಡದಲ್ಲಿ ಹೇಳಹೊರಟವರು ಈ ಅಂತರವನ್ನು ಗಮನಿಸಬೇಕೆಂಬುದು ಪ್ರಸ್ತುತ ಲೇಖನದ ವಿಚಾರ.

'ಕುಡುಕ' ಎಂಬಲ್ಲಿ '-ಕ' ಪ್ರತ್ಯಯವು ಕ್ರಿಯೆಯನ್ನು ವ್ಯಕ್ತಿಯ ಸ್ವಭಾವವನ್ನಾಗಿಸುತ್ತದೆ. ಆತ ಬೇರೇನೂ ಅಲ್ಲವೆಂಬಂತೆ. ಎರಡನೆಯ ವಾಕ್ಯದಲ್ಲಿ ಕರ್ತೃಪದ ಚಟ, ವ್ಯಕ್ತಿ ಚತುರ್ಥಿಯಲ್ಲಿದ್ದಾನೆ. ಬೆಂಕಿ ಹತ್ತುವಂತೆ, ಹುಚ್ಚು ಹತ್ತುವಂತೆ ಚಟವೂ ಹತ್ತುತ್ತದೆ. 'ಅವಗ ಜಡ್ಡ ಆಗೇತಿ' ಎಂಬ ವಾಕ್ಯದ ರಚನೆಯೂ ಇದೇ. ಶಿಷ್ಟ ಬರಹದ 'ವ್ಯಸನಿ' ಎಂಬ ಪದ ಸೌಮ್ಯವಾಗಿ ತೋರಿದರೂ ಮಾಡುವ ಕೆಲಸ 'ಕುಡುಕ' ಪದದ್ದೇ. ವಾಸ್ತವವಾಗಿ 'ವ್ಯಸನ' ಪದ ಇಷ್ಟು ಬಡವಲ್ಲ. ಜೈನ ಪರಂಪರೆಯ ಸಪ್ತವ್ಯಸನಗಳಲ್ಲಿ ಅದು ತೊರೆಯಬೇಕಾದ ದೋಷ. 'ವ್ಯಸನಪಡು' ಎಂಬಲ್ಲಿ ಅದೇ ಪದಕ್ಕೆ ದುಃಖವೆಂಬರ್ಥ. ನಮ್ಮ ಆರೋಗ್ಯ ಲೇಖನಗಳು ಮೊದಲ ಅರ್ಥವನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟಿವೆ.

ಪದದಿಂದ ಏನಾದೀತು ಎಂದು ಕೇಳಬಹುದು. ಕೆಲ್ಲಿ ಮತ್ತು ವೆಸ್ಟರ್‌ಹಾಫ್ ಎಂಬ ಸಂಶೋಧಕರು ಅಮೆರಿಕದಲ್ಲಿ ಐನೂರಕ್ಕೂ ಹೆಚ್ಚು ಮಾನಸಿಕ ಆರೋಗ್ಯ ಚಿಕಿತ್ಸಕರಿಗೆ ಒಂದೇ ಪ್ರಸಂಗವನ್ನು ಎರಡು ಬಗೆಯ ಹೆಸರಿನೊಡನೆ ಓದಲು ಕೊಟ್ಟರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ವ್ಯಕ್ತಿಯನ್ನು ಮಾದಕವಸ್ತುವಿನ ದುರ್ಬಳಕೆದಾರನೆಂದು ಕರೆದ ಪಾಠವನ್ನು ಓದಿದವರು ಅವನನ್ನೇ ಹೆಚ್ಚು ಹೊಣೆಗಾರನನ್ನಾಗಿಸಿ ದಂಡನೆಯ ಕಡೆಗೆ ಒಲಿದರು. ನುರಿತವರೇ ಹೀಗಾದಾಗ ಸಾಮಾನ್ಯ ಓದುಗರ ಪಾಡೇನು!

'ಚಟ ಹತ್ತುವುದು' ಎಂಬ ಮಾತು ಶರೀರಶಾಸ್ತ್ರಕ್ಕೂ ಹತ್ತಿರದ್ದು. ಮದ್ಯವು ಮಿದುಳಿನ ಉದ್ರೇಕವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಕುಡಿದಾಗ ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸಮತೋಲ ಸಾಧಿಸುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಆ ಹೆಚ್ಚಿದ ಉದ್ರೇಕ ಮಾತ್ರ ಉಳಿಯುತ್ತದೆ: ಕೈನಡುಕ, ಬೆವರು, ಕೆಲವರಲ್ಲಿ 6ರಿಂದ 48 ತಾಸುಗಳೊಳಗೆ ಫಿಟ್ಸ್, ಎರಡು-ನಾಲ್ಕು ದಿನಗಳಲ್ಲಿ ಸನ್ನಿ. ಚಿಕಿತ್ಸೆಯಿಲ್ಲದಿದ್ದರೆ ಸಾವೂ ಸಂಭವಿಸಬಹುದು. ಆದುದರಿಂದ 'ಮನಸ್ಸು ಗಟ್ಟಿ ಮಾಡಿ ಇಂದೇ ಬಿಡಿ' ಎಂಬ, ನಮ್ಮ ಲೇಖನಗಳಿಗೆ ಪ್ರಿಯವಾದ ಉಪದೇಶವು ತೀವ್ರ ಅವಲಂಬನೆಯುಳ್ಳವರ ಪಾಲಿಗೆ ಅಪಾಯಕಾರಿ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನಿನಿಂದ ಮದ್ಯದಂಗಡಿಗಳು ಮುಚ್ಚಿದಾಗ, ಬೆಂಗಳೂರಿನ ಆಸ್ಪತ್ರೆಗಳಿಗೆ ಇಂತಹ ತೀವ್ರ ಲಕ್ಷಣಗಳೊಡನೆ ಬಂದವರ ಸಂಖ್ಯೆ ಸುಮಾರು ಇಮ್ಮಡಿಯಾದುದನ್ನು ವೈದ್ಯರು ದಾಖಲಿಸಿದರು. ಮೇ 4ರಂದು ಅಂಗಡಿಗಳು ತೆರೆದಾಗಲಾದರೋ ಅಲ್ಲಿನ ಸಾಲುಗಳು ಮಾಧ್ಯಮಗಳಿಗೆ ಬಹುಮಟ್ಟಿಗೆ ವಿನೋದದ ಸುದ್ದಿಯಾದವು. ರಾಜರತ್ನಂ ಅವರ 'ರತ್ನನ ಪದಗಳು' ಕುಡಿಯುವವನ ಬಾಯಿಗೇ ಮಾತು ಕೊಟ್ಟು ಎಷ್ಟೋ ದಶಕಗಳಾಗಿದ್ದವು; ಸುದ್ದಿಯಲ್ಲಿ ಅವನಿಗೆ ಬಾಯಿಯೇ ಇರಲಿಲ್ಲ.

ಇಲ್ಲೊಂದು ಆಕ್ಷೇಪಣೆ ಸಹಜ. ಚತುರ್ಥಿ ವಿಭಕ್ತಿಯು ಅಪರಾಧವನ್ನೂ ಮರೆಸದೇ? ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಯಾಯಿತು. ಸಾರಾಯಿಯ ವಿರುದ್ಧ ದನಿಯೆತ್ತಿದ ಹೆಂಗಸರ ಅನುಭವವನ್ನು ಅನುಕಂಪದ ಹೆಸರಿನಲ್ಲಿ ಅಳಿಸಲಾಗದು. ಆದರೆ ಉಣಕಲ್ಲಿನ ಹೆಣ್ಣುಮಗಳ ವ್ಯಾಕರಣ ಈ ಎರಡನ್ನೂ ಬಲ್ಲದು: 'ಅವಗ ಚಟಾ ಹತ್ತೇತಿ' ಎನ್ನುವ ಅವಳೇ 'ಅಂವ ಹೊಡದ' ಎಂದು ಪ್ರಥಮಾ ವಿಭಕ್ತಿಯಲ್ಲಿ ಹೇಳುತ್ತಾಳೆ. 'ಅಂವ ಕುಡಿಯೂದು ಬಿಟ್ಟಾನ' ಎಂಬಲ್ಲಿಯೂ ಅವನೇ ಕರ್ತೃ. ಹಿಡಿತಕ್ಕೆ ಸಿಕ್ಕುವುದು ಚತುರ್ಥಿಯಲ್ಲಿ, ಹೊಡೆಯುವುದೂ ಬಿಡುವುದೂ ಪ್ರಥಮೆಯಲ್ಲಿ. 'ಮದ್ಯ ಬಳಕೆಯ ಅಸ್ವಸ್ಥತೆಯುಳ್ಳ ವ್ಯಕ್ತಿ' ಎಂಬ ಅನುವಾದಿತ ಪದಪುಂಜಕ್ಕೆ ಈ ವಿವೇಕವಿಲ್ಲ. ಅದನ್ನು ಓದುವಷ್ಟರಲ್ಲಿ ಉಸಿರು ಕಟ್ಟುತ್ತದೆ.

ಬಿಟ್ಟವನು ಮತ್ತೆ ಕುಡಿದಾಗ ಬರಹಗಾರ ಸಾಮಾನ್ಯವಾಗಿ ಸೋಲೆಂದು ಬರೆಯುತ್ತಾನೆ. ಚಿಕಿತ್ಸೆಯ ನಂತರ ವರ್ಷದೊಳಗೆ ನೂರಕ್ಕೆ 40ರಿಂದ 60 ಜನರಲ್ಲಿ ಹೀಗಾಗುವುದುಂಟು. ರಕ್ತದೊತ್ತಡದ ರೋಗಿಗಳಲ್ಲೂ ಮರುಕಳಿಕೆ ಇದಕ್ಕಿಂತ ಕಡಿಮೆಯಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಮದ್ಯಾವಲಂಬನೆಯುಳ್ಳ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ದೊರೆತದ್ದು ಒಬ್ಬರಿಗೆ. ಉಣಕಲ್ಲಿನಿಂದ ಒಂದು ದಿಕ್ಕಿಗೆ ವಿದ್ಯಾನಗರದ, ಜನ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ. ಇನ್ನೊಂದು ದಿಕ್ಕಿಗೆ ಧಾರವಾಡದ ಡಿಮ್ಹಾನ್ಸ್. ಎರಡನೆಯದನ್ನು ಹಳೆಯ ತಲೆಮಾರು ಇನ್ನೂ ಹುಚ್ಚಾಸ್ಪತ್ರೆಯೆನ್ನುತ್ತದೆ. ಆ ಹೆಸರಿಗೆ ಅಂಜಿ ಬಸ್ಸು ಹತ್ತದವನಿಗೆ ಬೇಕಾದುದು ಅಲ್ಲಿ ಯಾವ ವಾರ್ಡಿದೆ, ಎಷ್ಟು ದಿನ ಇರಬೇಕು, ಕೈನಡುಕಕ್ಕೆ ಏನು ಕೊಡುತ್ತಾರೆ ಎಂಬ ವಿವರ.