ಆರು ತಿಂಗಳಾಯಿತು, ಮಗುವಿಗೆ ತುತ್ತು ಕೊಟ್ಟಿರಾ?



ಯಾಯೀರನ ಮಗಳನ್ನು ಪ್ರಭು ಯೇಸು ಸಾವಿನಿಂದ ಎಬ್ಬಿಸಿದ ಪ್ರಸಂಗವನ್ನು ನಾವೆಲ್ಲರೂ ಬಲಿಪೂಜೆಯಲ್ಲಿ ಆಲಿಸಿದ್ದೇವೆ. ಆದರೆ ಅದರ ಕೊನೆಯ ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮನೆಯವರು ಬೆರಗಾಗಿ ನಿಂತಿದ್ದಾಗ, ಹುಡುಗಿಗೆ ಊಟ ಕೊಡುವಂತೆ ಪ್ರಭು ಅವರಿಗೆ ತಿಳಿಸಿದರು (ಮಾರ್ಕ 5:43). ಜೀವ ಕೊಟ್ಟವರು ಪ್ರಭು. ಉಣಿಸುವ ಕೆಲಸವನ್ನು ಮಾತ್ರ ಮನೆಯವರಿಗೇ ಬಿಟ್ಟರು.

ನಮ್ಮ ಹಳ್ಳಿಗಳಲ್ಲಿ ದೀಕ್ಷಾಸ್ನಾನದ ದಿನ ಮೈಕೈ ತುಂಬಿಕೊಂಡಿದ್ದ ಮಗು, ವರ್ಷ ತುಂಬುವಷ್ಟರಲ್ಲಿ ಸೊರಗಿ ಹೋಗುವುದುಂಟು. ದೃಷ್ಟಿ ತಾಗಿತು ಎನ್ನುತ್ತೇವೆ, ಹಲ್ಲು ಬರುವ ಕಾಲ ಎನ್ನುತ್ತೇವೆ. ಅನೇಕ ಸಲ ನಿಜವಾದ ಕಾರಣ ಬೇರೆಯೇ: ಮಗುವಿಗೆ ಸಾಕಷ್ಟು ಊಟ ಸಿಕ್ಕಿರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ತಾಯಿಯ ಹಾಲಿನ ನಂತರ

ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಸಾಕು. ನೀರು, ಜೇನು, ಸಕ್ಕರೆ ನೀರು ಯಾವುದೂ ಬೇಡ. ಆರು ತಿಂಗಳು ತುಂಬಿದ ಮೇಲೆ ಹಾಲೊಂದೇ ಸಾಲದು. ಹುಟ್ಟುವಾಗ ಮಗು ತನ್ನ ದೇಹದಲ್ಲಿ ತಂದಿದ್ದ ಕಬ್ಬಿಣದ ಅಂಶ ಆ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ. ಆದ್ದರಿಂದ ಎರಡು ವರ್ಷದವರೆಗೆ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಸುತ್ತಾ, ಅದರೊಡನೆ ಬೇರೆ ಆಹಾರವನ್ನೂ ಕೊಡಬೇಕು.

ಗಂಜಿಯ ತಿಳಿ ಸಾಲದು

ಮಗುವಿಗೆ ಅರಗದು ಎಂಬ ಭಯದಿಂದ ಅನೇಕ ಮನೆಗಳಲ್ಲಿ ಅನ್ನದ ಗಂಜಿಯ ತಿಳಿ, ಬೇಳೆಯ ಕಟ್ಟು ಮಾತ್ರ ಕುಡಿಸುತ್ತಾರೆ. ಈ ವಯಸ್ಸಿನ ಮಗುವಿನ ಹೊಟ್ಟೆ ಒಂದು ಲೋಟದಷ್ಟೇ. ಅದನ್ನು ನೀರಿನಿಂದ ತುಂಬಿಸಿದರೆ ಹಸಿವು ಅಡಗೀತು, ಮೈ ಬೆಳೆಯದು. ಚಮಚವನ್ನು ಓರೆ ಮಾಡಿದಾಗ ಕೂಡಲೇ ಸುರಿದು ಹೋಗದಷ್ಟು ಗಟ್ಟಿಯಾಗಿರಬೇಕು ಮಗುವಿನ ಊಟ.

ಎರಡು ಮೂರು ಚಮಚದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿರಿ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತನೆಯ ತಿಂಗಳಿಂದ ಮೂರು ನಾಲ್ಕು ಸಲ ಉಣಿಸಿ, ನಡುವೆ ಬಾಳೆಹಣ್ಣಿನಂಥದ್ದನ್ನು ಕೊಡಿರಿ.

ಮನೆಯಲ್ಲೇ ಇದೆ ಆಹಾರ

ಇದಕ್ಕೆ ಅಂಗಡಿಯ ಡಬ್ಬಿ ಬೇಕಿಲ್ಲ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿರಿ. ಬಿಸಿಲಿನಲ್ಲಿ ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿರಿ. ಮೊಳಕೆ ಬಂದ ಹಿಟ್ಟು ಹೆಚ್ಚು ನೀರು ಹೀರುವುದಿಲ್ಲ. ಹೆಚ್ಚು ಹಿಟ್ಟು ಹಾಕಿ ಬೇಯಿಸಿದರೂ ಮಗು ನುಂಗುವಷ್ಟು ಮೆತ್ತಗಿರುತ್ತದೆ. ಮೂರು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಬೇಳೆ ಅಥವಾ ಹುರಿಗಡಲೆಯ ಹಿಟ್ಟು ಸೇರಿಸಿರಿ. ಬೆಂದ ಮೇಲೆ ಒಂದು ಚಿಕ್ಕ ಚಮಚ ಎಣ್ಣೆ ಅಥವಾ ತುಪ್ಪ ಬೆರೆಸಿರಿ. ಬೇಯಿಸಿ ನುಣ್ಣಗೆ ಮಾಡಿದ ನುಗ್ಗೆಸೊಪ್ಪು, ಕುಂಬಳಕಾಯಿ, ಚೆನ್ನಾಗಿ ಬೆಂದ ಮೊಟ್ಟೆಯನ್ನೂ ಒಂದೊಂದಾಗಿ ರೂಢಿ ಮಾಡಿಸಿರಿ. ಮನೆಯ ಕೋಳಿ ಇಟ್ಟ ಮೊಟ್ಟೆಯನ್ನೆಲ್ಲ ಸಂತೆಗೆ ಒಯ್ಯುವ ಮುನ್ನ ಮಗುವಿನ ಪಾಲನ್ನು ತೆಗೆದಿಡಿರಿ.

ಹಾಲಿನ ಬಾಟಲಿ ಬೇಡ. ಅದರ ರಬ್ಬರಿನ ತೊಟ್ಟಿನಲ್ಲಿ ಉಳಿಯುವ ಕೊಳೆಯೇ ಭೇದಿಗೆ ದಾರಿ. ಬಟ್ಟಲು, ಚಮಚ ಸಾಕು. ಉಣಿಸುವವರು ಸಾಬೂನಿನಿಂದ ಕೈ ತೊಳೆಯಲಿ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಮಗುವಿನ ಊಟವಲ್ಲ.

ಭೇದಿಯಾದಾಗ ಊಟ ನಿಲ್ಲಿಸುವುದು ದೊಡ್ಡ ತಪ್ಪು. ಎದೆಹಾಲು, ಊಟ ಎರಡನ್ನೂ ಮುಂದುವರಿಸಿ, ಓ.ಆರ್.ಎಸ್. ಕುಡಿಸಿರಿ, ಆರೋಗ್ಯ ಕೇಂದ್ರದಲ್ಲಿ ಜಿಂಕ್ ಮಾತ್ರೆ ಕೇಳಿ ಪಡೆಯಿರಿ. ಮಗು ಕುಡಿಯದೆ ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಾಗಿರಲಿ.

ಇದು ಯಾರ ಹೊಣೆ?

ಮಗು ಸೊರಗಿದರೆ ನಾವು ದೂರುವುದು ತಾಯಿಯನ್ನು. ಆಕೆ ಬೆಳಿಗ್ಗೆ ಕೂಲಿಗೆ ಹೋದರೆ ಬರುವುದು ಸಂಜೆಗೆ. ಅಷ್ಟು ಹೊತ್ತು ಮಗುವನ್ನು ಆಡಿಸುವುದು ಎಂಟು ವರ್ಷದ ಅಕ್ಕ. ಹಿಟ್ಟು ಡಬ್ಬಿಯಲ್ಲಿದ್ದರೂ ಬೇಯಿಸಿ, ಅರ್ಧ ಗಂಟೆ ಕುಳಿತು, ಪುಸಲಾಯಿಸಿ ಉಣಿಸುವ ದೊಡ್ಡವರು ಬೇಕಲ್ಲವೇ? ತಂದೆಯರೇ, ಈ ಕೆಲಸ ಗಂಡಸಿನದಲ್ಲ ಎನ್ನಬೇಡಿರಿ. ಬಾಲಯೇಸುವನ್ನು ಸಲಹಲು ದೇವರು ಆರಿಸಿಕೊಂಡದ್ದು ಬಡಗಿ ಜೋಸೆಫರನ್ನು. ಅತ್ತೆಯಂದಿರೇ, ಸೊಸೆಯ ಬಟ್ಟಲಿಗೂ ಸಾರಿನ ಗಟ್ಟಿಯನ್ನು ಬಡಿಸಿರಿ. ಹಾಲೂಡಿಸುವ ತಾಯಿ ಹಸಿದಿರಬಾರದು.

1975ರಲ್ಲಿ ಆರಂಭವಾದ ಯೋಜನೆಯಿಂದ ಬಂದ ಅಂಗನವಾಡಿಗಳು ಇಂದು ಹಳ್ಳಿಹಳ್ಳಿಯಲ್ಲಿವೆ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಲ್ಲಿಂದ ಮನೆಗೆ ಒಯ್ಯುವ ಆಹಾರ ಸಿಗುತ್ತದೆ. ಅದು ಇಡೀ ಮನೆಗೆ ಹಂಚಿಹೋಗದೆ ಮಗುವಿಗೇ ಮೀಸಲಾಗಲಿ. ತಿಂಗಳಿಗೊಮ್ಮೆ ತೂಕ ಹಾಕಿಸಿರಿ. ತೂಕ ಏರದಿದ್ದರೆ ಸುಮ್ಮನಿರಬೇಡಿರಿ.

ಜ್ಞಾನ ತಂದೆತಾಯಿಯರಿಗೂ ಒಂದು ಮಾತು. ದೀಕ್ಷಾಸ್ನಾನದ ದಿನ ಹೊಸ ಬಟ್ಟೆ ಕೊಟ್ಟಿರಿ, ಸಂತೋಷ. ಮಗುವಿಗೆ ಆರು ತಿಂಗಳು ತುಂಬಿದ ದಿನ ಒಂದು ಸೇರು ರಾಗಿ ಹಿಟ್ಟು ಹಿಡಿದು ಆ ಮನೆಗೆ ಹೋಗಿ ಬನ್ನಿರಿ.

ಕುಟುಂಬದಲ್ಲಿ ಚಿಂತಿಸಲು

1. ನಮ್ಮ ಮನೆಯ ಅಥವಾ ನೆರೆಮನೆಯ ಮಗು ನಿನ್ನೆ ಎಷ್ಟು ಸಲ ಉಂಡಿತು? ಏನನ್ನು ಉಂಡಿತು?

2. ತಾಯಿ ಕೆಲಸಕ್ಕೆ ಹೋದಾಗ ಉಣಿಸುವವರು ಯಾರು?

3. ನಮ್ಮ ಧರ್ಮಕೇಂದ್ರದಲ್ಲಿ ಸೊರಗುತ್ತಿರುವ ಮಗು ಯಾವ ಮನೆಯಲ್ಲಿದೆ? ಈ ವಾರ ಅಲ್ಲಿಗೆ ಹೋಗುವವರು ಯಾರು?

ಪ್ರಾರ್ಥನೆ: ಪ್ರಭುವೇ, ನೀವು ಕೊಟ್ಟ ಜೀವಕ್ಕೆ ತುತ್ತು ಕೊಡುವ ಭಾಗ್ಯ ನಮ್ಮದು. ಅದನ್ನು ನಾವು ಮರೆಯದಂತೆ ಮಾಡಿರಿ. ಆಮೆನ್.