ಡೆಡ್ ಕೋಡ್ ಹುಡುಕಿ ತೆಗೆಯುವುದು ಹೇಗೆ?

ಯಾರೂ ಬಳಸದ ಕೋಡ್ ಕಂಡಾಗ ‘ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೇ?’ ಎನ್ನುವವರು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ಗೆ ಆದದ್ದನ್ನು ತಿಳಿದಿರಬೇಕು. ಅಲ್ಲಿ ‘ಪವರ್ ಪೆಗ್’ ಎಂಬ ಸೌಲಭ್ಯದ ಬಳಕೆ 2003ರಲ್ಲೇ ನಿಂತಿತ್ತು, ಕೋಡ್ ಮಾತ್ರ ಉಳಿದಿತ್ತು. 2012ರಲ್ಲಿ ಅದರ ಹಳೆಯ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಬಳಸಿದರು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಆಗಸ್ಟ್ 1ರಂದು ಆ ಒಂದರಲ್ಲಿ ಪವರ್ ಪೆಗ್ ಮತ್ತೆ ಓಡತೊಡಗಿ, ಸುಮಾರು 45 ನಿಮಿಷಗಳ ಬೇಡದ ವಹಿವಾಟಿನಿಂದ 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು.

ಹುಡುಕಾಟವನ್ನು ಟೂಲ್‌ನಿಂದ ಶುರುಮಾಡಿ. ಪೈಥಾನ್‌ಗೆ ವಲ್ಚರ್, ಜಾವಾಸ್ಕ್ರಿಪ್ಟ್ ಮತ್ತು ಟೈಪ್‌ಸ್ಕ್ರಿಪ್ಟ್‌ಗೆ ನಿಪ್, ಗೋ ಭಾಷೆಗೆ ಡೆಡ್‌ಕೋಡ್ ಇವೆ. ವಲ್ಚರ್ ಪ್ರತಿ ಅನುಮಾನಕ್ಕೂ ಶೇಕಡಾವಾರು ಭರವಸೆ ತೋರಿಸುತ್ತದೆ. ಬಳಸದ ಇಂಪೋರ್ಟ್‌ಗೆ 90, ಫಂಕ್ಷನ್‌ಗೆ ಬರೀ 60. ಆದ್ದರಿಂದ ಮೊದಲ ಸುತ್ತಿನಲ್ಲಿ 90 ಮತ್ತು ಅದಕ್ಕಿಂತ ಮೇಲಿನವನ್ನಷ್ಟೇ ಮುಟ್ಟಿ. ಟೆಸ್ಟ್ ಫೋಲ್ಡರನ್ನು ಹೊರಗಿಟ್ಟು ಇನ್ನೊಮ್ಮೆ ಓಡಿಸಿ. ತನ್ನ ಟೆಸ್ಟ್ ಬಿಟ್ಟು ಬೇರಾರೂ ಕರೆಯದ ಫಂಕ್ಷನ್‌ಗಳು ಆಗ ಸಿಕ್ಕಿಬೀಳುತ್ತವೆ.

ಟೂಲ್ ಕೊಟ್ಟ ಪಟ್ಟಿ ಅನುಮಾನಿತರ ಪಟ್ಟಿ ಮಾತ್ರ. ಹೆಸರನ್ನು ಸ್ಟ್ರಿಂಗ್ ಆಗಿ ಜೋಡಿಸಿ ಕರೆಯುವ ಕೋಡ್, ಜಾವಾದ ರಿಫ್ಲೆಕ್ಷನ್, ಟೆಂಪ್ಲೇಟ್, ಕ್ರಾನ್ ಜಾಬ್ ಇವೆಲ್ಲ ಅದರ ಕಣ್ಣು ತಪ್ಪಿಸುತ್ತವೆ. ಹೆಸರು ಹಿಡಿದು ಕಾನ್ಫಿಗ್ ಫೈಲ್‌ಗಳಲ್ಲೂ ತಂಡದ ಬೇರೆ ರೆಪೊಗಳಲ್ಲೂ ಹುಡುಕಿ. ‘ಗಿಟ್ ಲಾಗ್ -ಎಸ್’ ಕೊಟ್ಟರೆ ಆ ಹೆಸರು ಯಾವ ಕಮಿಟ್‌ನಲ್ಲಿ ಬಂತು, ಅದನ್ನು ಕರೆಯುತ್ತಿದ್ದ ಸಾಲು ಯಾವಾಗ ಹೋಯಿತು ಎಂಬುದು ಗೊತ್ತಾಗುತ್ತದೆ. ಬರೆದವರು ಇನ್ನೂ ಕಂಪನಿಯಲ್ಲಿದ್ದರೆ ನೇರವಾಗಿ ಕೇಳಿಬಿಡಿ.

ಅನುಮಾನ ಉಳಿದರೆ ಆ ಫಂಕ್ಷನ್‌ನೊಳಗೆ ಒಂದು ಲಾಗ್ ಸಾಲು ಸೇರಿಸಿ ಪ್ರೊಡಕ್ಷನ್‌ಗೆ ಬಿಡಿ. ಎಷ್ಟು ದಿನ ಕಾಯಬೇಕು? ಅವಸರ ಕೆಲಸ ಕೆಡಿಸುವುದು ಇಲ್ಲೇ. ಸಂಬಳದ ಸಾಫ್ಟ್‌ವೇರ್ ತೆಗೆದುಕೊಳ್ಳಿ. ಫಾರಂ 16 ತಯಾರಿಸುವ ಭಾಗಕ್ಕೆ ಮಾರ್ಚ್ 31 ಕಳೆದ ಮೇಲೆ, ವರ್ಷಕ್ಕೊಮ್ಮೆ ಕೆಲಸ ಬರುತ್ತದೆ. ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಲಾಗ್ ನೋಡಿ ಅದನ್ನು ಅಳಿಸಿದರೆ ಮುಂದಿನ ಬೇಸಿಗೆಯಲ್ಲಿ ನೌಕರರೆಲ್ಲ ಪರದಾಡಬೇಕಾಗುತ್ತದೆ. ಕಾಯುವ ಅವಧಿಯನ್ನು ನಿರ್ಧರಿಸಬೇಕಾದದ್ದು ಆ ವ್ಯವಹಾರದ ಕ್ಯಾಲೆಂಡರ್, ನಿಮ್ಮ ಸ್ಪ್ರಿಂಟ್ ಅಲ್ಲ. ಲೆಕ್ಕಪತ್ರ ವಿಭಾಗದವರೊಡನೆ ಹತ್ತು ನಿಮಿಷ ಮಾತಾಡಿದರೆ ಯಾವ ಟೂಲೂ ಹೇಳದ್ದು ತಿಳಿಯುತ್ತದೆ.

ತೆಗೆಯುವುದು ಖಚಿತವಾದ ಮೇಲೆ ಪೂರ್ತಿ ತೆಗೆಯಿರಿ. ಕಾಮೆಂಟ್ ಮಾಡಿ ಇಟ್ಟುಕೊಳ್ಳಬೇಡಿ, ಹಳೆಯದೆಲ್ಲ ಗಿಟ್‌ನಲ್ಲಿರುತ್ತದೆ. ಒಂದು ಪಿಆರ್‌ನಲ್ಲಿ ಒಂದೇ ಸಂಗತಿಯನ್ನು ಅಳಿಸಿ, ರಿಫ್ಯಾಕ್ಟರಿಂಗ್ ಬೆರೆಸಬೇಡಿ. ಎಡವಟ್ಟಾದರೆ ಅದೊಂದನ್ನೇ ರಿವರ್ಟ್ ಮಾಡಬಹುದು. ಅದಕ್ಕೆಂದೇ ಇದ್ದ ಟೆಸ್ಟ್, ಫ್ಲ್ಯಾಗ್, ಪ್ಯಾಕೇಜ್‌ಗಳೂ ಜೊತೆಗೇ ಹೋಗಲಿ. ಆಮೇಲೆ ಟೂಲನ್ನು ಮತ್ತೆ ಓಡಿಸಿ. ಅಳಿಸಿದ ಕೋಡ್ ಮಾತ್ರ ಕರೆಯುತ್ತಿದ್ದ ಇನ್ನಷ್ಟು ಫಂಕ್ಷನ್‌ಗಳು ಈಗ ಅನಾಥವಾಗಿರುತ್ತವೆ.

ಡೇಟಾಬೇಸ್ ಕಾಲಂಗಳಿಗೆ ಮಾತ್ರ ಬೇರೆ ಕ್ರಮ. ಮೊದಲು ಅದನ್ನು ಓದಿ ಬರೆಯುವ ಕೋಡ್ ತೆಗೆದು ಎಲ್ಲ ಸರ್ವರ್‌ಗಳಿಗೂ ಡಿಪ್ಲಾಯ್ ಮಾಡಿ. ಕೆಲವು ವಾರ ಗಮನಿಸಿ, ಬ್ಯಾಕಪ್ ತೆಗೆದುಕೊಂಡು, ಬೇರೆ ಮೈಗ್ರೇಷನ್‌ನಲ್ಲಿ ಕಾಲಂ ಡ್ರಾಪ್ ಮಾಡಿ. ಅಳಿಸಿದ ಕೋಡನ್ನು ಗಿಟ್ ವಾಪಸ್ ಕೊಡುತ್ತದೆ, ಕಾಲಂನಲ್ಲಿದ್ದ ಗ್ರಾಹಕರ ಮಾಹಿತಿಯನ್ನಲ್ಲ.